ಅಕ್ಕುವಿನ ಕೈಗೆ ಗೊತ್ತಾದದ್ದು

ಡೊಂಬಿವಲಿ ಪೂರ್ವದ ಕನ್ನಡದವರ ಮನೆಗಳಲ್ಲಿ ಬಸುರಿ ಮಗಳಿಗೆ ಏಳು ತಿಂಗಳು ತುಂಬಿತು ಅಂದರೆ ಮೊದಲು ಆಗುವ ಕೆಲಸ ಎರಡು. ಆಸ್ಪತ್ರೆಯಲ್ಲಿ ಹೆಸರು ಬರೆಸುವುದು, ಅಕ್ಕುವಿಗೆ ಫೋನು ಮಾಡುವುದು. ಒಂದು ಆಸ್ಪತ್ರೆ ತಪ್ಪಿದರೆ ಇನ್ನೊಂದು ಸಿಕ್ಕೀತು, ಅಕ್ಕು ತಪ್ಪಿದರೆ ಆ ಬಾಣಂತನ ಕುಂಟಿಕೊಂಡೇ ಹೋಗುತ್ತದೆ ಅಂತ ಅಜ್ಜಿಯರ ಮಾತು.

ಅಕ್ಕು ಮೂಡುಬಿದಿರೆ ಕಡೆಯವಳು. ಗಂಡ ಠಾಣೆ ಸ್ಟೇಶನ್ನಿನ ಎದುರಿನ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ. ಹತ್ತೊಂಬತ್ತನೇ ವರ್ಷಕ್ಕೆ ಅವನ ಹಿಂದೆ ಬಂದವಳು, ಅತ್ತೆಯಿಂದ ಬಾಣಂತಿ, ಮಗುವಿನ ಆರೈಕೆಯ ಕೈಕೆಲಸ ಕಲಿತಳು. ಅತ್ತೆ ಹೋದಳು, ಗಂಡನೂ ಹೋದ. ಕೈಕೆಲಸ ಉಳಿಯಿತು. ಈಗ ಅವಳಿಗೆ ಐವತ್ತೆಂಟು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಡೊಂಬಿವಲಿಯಲ್ಲಿ ಎರಡು ಮಗು, ಕಲ್ಯಾಣದಲ್ಲಿ ಒಂದು, ಒಮ್ಮೊಮ್ಮೆ ಠಾಣೆಯಲ್ಲಿ ಇನ್ನೊಂದು, ಹೀಗೆ ಲೋಕಲ್ಲಿನಲ್ಲಿ ನಿಂತುಕೊಂಡೇ ಊರೂರು ಮೀಯಿಸಿ ಬರುವಳು. ಮರಾಠಿಯವರಿಗೂ ಕನ್ನಡದವರಿಗೂ ಅವಳು ಅಕ್ಕು ಮಾವ್ಶಿ, ಅಂದರೆ ಚಿಕ್ಕಮ್ಮ.

ಅವಳು ಮಗು ಮೀಯಿಸುವುದನ್ನು ನೋಡಬೇಕು. ನೆಲದ ಮೇಲೆ ಎರಡೂ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಎರಡು ಕಾಲಿನ ನಡುವಿನ ಆ ಸಣ್ಣ ತಗ್ಗಿನಲ್ಲಿ ಮಗುವನ್ನು ಮಲಗಿಸುವಳು. ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಬೆನ್ನು, ತೋಳು, ತೊಡೆ ತಿಕ್ಕುವಳು. ಕೊನೆಗೆ ಮಗುವಿನ ಎರಡೂ ಪಾದಕ್ಕೆ ತನ್ನ ಅಂಗೈ ಕೊಟ್ಟು ಸುಮ್ಮನೆ ಕಾಯುವಳು. ಮಗು ತಳ್ಳಬೇಕು. ಹತ್ತು ದಿನದ ಕೂಸಾದರೂ ತಳ್ಳುತ್ತದೆ. "ಹಾಂ, ಬಂತು ನೋಡಿ ಲೋಕಲ್ಲಿಗೆ ಹತ್ತುವ ಜೋರು!" ಅಂತ ಅವಳು ಹೇಳಿದರೆ ಒಳಗೆ ಮಲಗಿದ ಬಾಣಂತಿಗೂ ನಗು. ಮುನ್ನೂರಕ್ಕೂ ಮಿಕ್ಕಿದ ಮಕ್ಕಳ ಪಾದ ಆ ಅಂಗೈಯನ್ನು ತಳ್ಳಿವೆ.

ಆ ಕೈಗೆ ಕೆಲವು ಸಲ ಡಾಕ್ಟರಿಗಿಂತ ಮೊದಲು ಗೊತ್ತಾಗುತ್ತಿತ್ತು. ಅವಳ ಕಷ್ಟ ಶುರುವಾದದ್ದೇ ಅದರಿಂದ.

ಆರು ವರ್ಷದ ಹಿಂದೆ ಕೋಪರಖೈರಣೆಯ ಒಂದು ಮನೆಯಲ್ಲಿ ಮೂರು ತಲೆಮಾರಿಗೆ ಮೊದಲ ಗಂಡು. ಮೂವತ್ತನೇ ದಿನ ಅಕ್ಕು ಆ ಮನೆಯ ಅಜ್ಜಿಯನ್ನು ಅಡುಗೆಮನೆಗೆ ಕರೆದು, "ಅಮ್ಮ, ಬೆಳಕು ತೋರಿಸಿದ್ರೂ ಮಗು ಕಣ್ಣು ಆ ಕಡೆ ತಿರುಗುದಿಲ್ಲ, ಒಮ್ಮೆ ತೋರಿಸಿ ಬನ್ನಿ" ಅಂದಳು. ಅಜ್ಜಿ ಅವಳ ಎಣ್ಣೆಯ ಗಿಂಡಿಯನ್ನು ಬಾಗಿಲ ಹೊರಗಿಟ್ಟರು. ಮೂರು ತಿಂಗಳಿಗೆ ಡಾಕ್ಟರೂ ಅದನ್ನೇ ಹೇಳಿದಾಗ ಅವಳ ಮರ್ಯಾದೆ ವಾಪಸು ಬಂತು ಅಂದುಕೊಂಡಿರಾ? ಇಲ್ಲ. ಅವಳು ನುಡಿದದ್ದಕ್ಕೇ ಹಾಗಾಯಿತು ಅಂತ ಬಿಲ್ಡಿಂಗಿನ ವಾಟ್ಸಾಪಿನಲ್ಲಿ ಸುತ್ತಿತು. ಒಂದು ವರ್ಷ ಕೋಪರಖೈರಣೆಯಲ್ಲಿ ಅವಳನ್ನು ಯಾರೂ ಹೊಸಿಲು ದಾಟಿಸಲಿಲ್ಲ.

ಆಮೇಲೆ ಅಕ್ಕು ಬಾಯಿ ಕಟ್ಟಿದಳು. ಕಲ್ಯಾಣದ ರಮಿತಾಳ ಹೆಣ್ಣುಮಗುವಿನ ಕಾಲು ಒಂದು ತಿಂಗಳು ತುಂಬುವ ಹೊತ್ತಿಗೆ ಅಂಗೈ ತಳ್ಳುವುದನ್ನು ಬಿಟ್ಟಾಗ, ಇವಳು ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ದೃಷ್ಟಿ ತೆಗೆದು ಮನೆಗೆ ಬಂದಳು. ಮುಂದಿನ ವರ್ಷ ಕಲ್ಯಾಣ ಸ್ಟೇಶನ್ನಿನ ಸೇತುವೆಯ ಮೇಲೆ ರಮಿತಾ ಎದುರಾದಳು, ಬರಿಗೈಯಲ್ಲಿ. "ಮಗಳೆಲ್ಲಿ?" ಅಂತ ಅಕ್ಕು ಕೇಳಿಬಿಟ್ಟಳು. ಎಂಟನೇ ತಿಂಗಳಿಗೆ ಎದೆಯಲ್ಲಿ ಕಫ ಕಟ್ಟಿ ಹೋಯಿತಂತೆ. ರಮಿತಾ ಅಳಲಿಲ್ಲ. "ದೊಡ್ಡ ಡಾಕ್ಟರು ಕೇಳಿದ್ರು ಮಾವ್ಶಿ, ಮೊದಲ ತಿಂಗಳಲ್ಲಿ ನಿಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ವಾ ಅಂತ. ನಮಗೆಲ್ಲ ಹೇಗೆ ಗೊತ್ತಾಗಬೇಕು ಹೇಳು?" ಅಂದಳು. ಸೇತುವೆಯ ಮೇಲೆ ಜನ ತಳ್ಳಿಕೊಂಡು ಹೋಗುತ್ತಿದ್ದರು. ಅಕ್ಕು ಆಗಲೂ ಬಾಯಿ ಬಿಡಲಿಲ್ಲ.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡ ಹೆಂಗಸು ಇಂಗ್ಲೆಂಡಿಗೆ ಹೋದದ್ದು ಹೇಗೆ ಅಂದರೆ, ಅದಕ್ಕೆ ಮಾಜಿವಾಡಾದ ಸರಳಾ ಅವರೇ ಕಾರಣ. ಸರಳಾ, ಅವರ ಗಂಡ ಅನಂತರಾಮ ಮೈಸೂರಿನವರು. ಮೊದಲು ಡೊಂಬಿವಲಿಯಲ್ಲಿದ್ದರು, ಈಗ ಮಾಜಿವಾಡಾದ ಟವರಿನಲ್ಲಿ ಹದಿನೇಳನೇ ಮಹಡಿ. ಅವರ ಮಗಳು ಗಗನಾಳನ್ನು ಹುಟ್ಟಿದಾಗ ಮೀಯಿಸಿದ್ದೇ ಅಕ್ಕು. ಆ ಗಗನಾ ಈಗ ಗಂಡ ತರುಣನ ಜೊತೆ ಯಾರ್ಕ್ ಎಂಬ ಹಳೆಯ ಊರಿನಲ್ಲಿದ್ದಾಳೆ, ಗಂಡನಿಗೆ ಅಲ್ಲಿನ ವಿಮಾ ಕಂಪನಿಯಲ್ಲಿ ಕೆಲಸ. ಮಗಳ ಬಾಣಂತನಕ್ಕೆ ಹೊರಟು ನಿಂತ ಸರಳಾ ಠಾಣೆ ಸ್ಟೇಶನ್ನಿನ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮಲಗಿದಲ್ಲಿಂದಲೇ ಅಕ್ಕುವಿನ ಎರಡೂ ಕೈ ಹಿಡಿದು, "ನೀನೇ ಅವಳ ತಾಯಿ ಅಂದ್ಕೊಂಡು ಹೋಗು. ನಲವತ್ತು ದಿನ ಅವಳ ಕಣ್ಣಲ್ಲಿ ನೀರು ಬರಬಾರದು, ಅಷ್ಟೇ" ಅಂದರು.

"ಬರ್ಲಿಕ್ಕೆ ಬಿಡುದಿಲ್ಲ" ಅಂದಳು ಅಕ್ಕು.

ಯಾರ್ಕಿನ ಮನೆಯಲ್ಲಿ ಕಾಲು ನೀಡಿ ಕೂರುವಷ್ಟು ಬಚ್ಚಲು ಇರಲಿಲ್ಲ. ಅಕ್ಕು ಖಾಲಿ ಬಾತ್‌ಟಬ್ಬಿನ ಒಳಗೇ ಇಳಿದು ಕೂತು ಗಂಡು ಕೂಸನ್ನು ಮೀಯಿಸಿದಳು. "ದೋಣಿಯಲ್ಲಿ ಕೂತ ಹಾಗೆ ಆಯ್ತು ಮಗಾ" ಅಂದಾಗ ಗಗನಾ ಹೊಲಿಗೆ ನೋಯುವಷ್ಟು ನಕ್ಕಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಮೂರು ತಿಂಗಳು ತುಂಬಿದ ಮೇಲೆ ಮಾಜಿವಾಡಾಕ್ಕೆ ಹೋಗಿ ಅಜ್ಜಿಯ ಎದುರೇ ನಾಮಕರಣ ಅಂತ ಮಾತಾಗಿತ್ತು. ಅಲ್ಲಿಯ ತನಕ ಪುಟ್ಟ.

ಮೊದಲ ಮೂರು ವಾರ ಪುಟ್ಟ ಚೆನ್ನಾಗಿಯೇ ತಳ್ಳಿದ. ಇಪ್ಪತ್ತನಾಲ್ಕನೇ ದಿನ ಅಕ್ಕು ಅಂಗೈ ಕೊಟ್ಟು ಕಾದಳು. ಇನ್ನೂ ಸ್ವಲ್ಪ ಕಾದಳು. ಚಳಿಗೆ ಇರಬೇಕು ಅಂತ ನೀರು ಬಿಸಿ ಮಾಡಿದಳು. ಮರುದಿನ ತೊಡೆಗಳು ಕಪ್ಪೆಯ ತೊಡೆಯಂತೆ ಎರಡು ಕಡೆ ಬಿದ್ದುಕೊಂಡವು. ಮೂವತ್ತರ ಹೊತ್ತಿಗೆ ಅಳು ಸಣ್ಣದಾಯಿತು, ಬೆಕ್ಕಿನ ಮರಿಯ ಅಳುವಿನಂತೆ. ಕಣ್ಣು ಮಾತ್ರ ಪಳಪಳ, ಮುಖ ನೋಡಿದರೆ ನಗು. "ಎಷ್ಟು ಸಾಧು ಮಗು!" ಅಂತ ಗಗನಾ ದಿನಾ ವಿಡಿಯೋ ಕಳಿಸುವಳು, ಸರಳಾ ಅಲ್ಲಿಂದ ಲಟಿಗೆ ಮುರಿಯುವರು.

ಅಕ್ಕುವಿಗೆ ಗೊತ್ತಿತ್ತು, ಕಲ್ಯಾಣದಲ್ಲಿ ಕಂಡದ್ದೇ ಇದು. ಆದರೆ ಬಾಣಂತಿಯ ಎದೆಗೆ ಪೆಟ್ಟು ಬಿದ್ದರೆ ಹಾಲು ಬತ್ತುತ್ತದೆ, ನಲವತ್ತು ಕಳೆಯುವ ತನಕ ಸಾವಿನ ಸುದ್ದಿಯನ್ನೂ ಹೇಳಬಾರದು ಅಂತ ಅತ್ತೆ ಕಲಿಸಿದ್ದಳು. ಇರುವ ಬಲವೂ ಹೋಗಿ, ಕುಡಿಯುವ ಹಾಲೂ ಹೋದರೆ ಮಗುವಿಗೆ ಉಳಿಯುವುದೇನು? ತರುಣನಿಗೆ ಹೇಳೋಣವೆಂದರೆ ಅವನ ಮುಖದಲ್ಲಿ ಏನೂ ನಿಲ್ಲುವುದಿಲ್ಲ, ಗಳಿಗೆಯಲ್ಲಿ ಹೆಂಡತಿಗೆ ತಿಳಿಯುತ್ತದೆ. ಅವಳು ದಿನ ಎಣಿಸಿದಳು. ನಲವತ್ತರ ಸ್ನಾನ ಆದ ಕೂಡಲೇ ಹೇಳುವುದು.

ನಲವತ್ತನೇ ದಿನದ ಸ್ನಾನ ಮುಗಿಸಿ, ಗಗನಾಳ ಕೂದಲಿಗೆ ಹೊಗೆ ಕೊಟ್ಟು ಏಳುವಾಗ ತರುಣ ಶೂ ಹಾಕಿಕೊಂಡು ನಿಂತಿದ್ದ. "ಅಕ್ಕು ಆಂಟಿ, ಮೂರು ದಿನಕ್ಕೆ ನಿಮ್ಮ ಫ್ಲೈಟು. ಒಂದು ದಿನ ಹೊರಗೆ ನೋಡಿಲ್ಲ ನೀವು. ಇವತ್ತು ಇಡೀ ಊರು ಕಾಲ್ನಡಿಗೆಯಲ್ಲಿ ತೋರಿಸ್ತೀನಿ. ಗಗನಾನೂ ಬರ್ತಾಳೆ."

"ಅದಕ್ಕಿಂತ ಮೊದಲು ಒಂದು ಮಾತು..."

"ನಡೀತಾ ಹೇಳಿ ಆಂಟಿ, ಬಿಸಿಲು ಹೋಗ್ಬಿಡತ್ತೆ."

ಏಪ್ರಿಲ್ ತಿಂಗಳು. ಊರಿನ ಸುತ್ತ ಕಲ್ಲಿನ ಕೋಟೆ, ಕೋಟೆಯ ಇಳಿಜಾರಿನ ತುಂಬ ಹಳದಿ ಹೂವು. ತರುಣ ಮಗುವನ್ನು ಎದೆಯ ಚೀಲದಲ್ಲಿ ಕಟ್ಟಿಕೊಂಡು ಮುಂದೆ, ಹೆಂಗಸರಿಬ್ಬರು ಹಿಂದೆ. ದಕ್ಷಿಣದ ಹೆಬ್ಬಾಗಿಲಿಗೆ ಬಂದಾಗ ಅವನು ಕೈ ಎತ್ತಿ ತೋರಿಸಿದ.

"ಇದಕ್ಕೆ ಎಂಟುನೂರು ವರ್ಷದ ಮೇಲಾಯ್ತು. ರಾಜದ್ರೋಹಿಗಳ ತಲೆ ಕಡಿದು ಅದರ ಮೇಲೆ ಚುಚ್ಚಿ ಇಡ್ತಿದ್ರಂತೆ."

"ಥೂ! ಬಾಣಂತಿ ಹೊರಗೆ ಬಂದ ಮೊದಲ ದಿನ ತೋರಿಸ್ಲಿಕ್ಕೆ ನಿಮಗೆ ಇದೇ ಸಿಕ್ಕಿದ್ದಾ ಅಳಿಯಂದಿರೇ?"

"ಬೋಲೋ ಮಾವ್ಶಿ, ಇವನಿಗೆ ಹಾಗೇ ಬೇಕು" ಅಂತ ಗಗನಾ ನಕ್ಕಳು. ನಲವತ್ತು ದಿನದಿಂದ ಗೋಡೆ ನೋಡಿಕೊಂಡಿದ್ದವಳು, ಗಾಳಿಗೆ ಮುಖ ಕೊಟ್ಟು ಹುಡುಗಿಯ ಹಾಗೆ ಕಾಣುತ್ತಿದ್ದಳು.

ಕೋಟೆಯ ಮೇಲೆ ಹತ್ತಿದರು. ಇಬ್ಬರು ಮಾತ್ರ ಅಕ್ಕಪಕ್ಕ ನಡೆಯುವಷ್ಟು ದಾರಿ, ಒಳಬದಿಗೆ ಕೆಲವೆಡೆ ಕಂಬಿಯೇ ಇಲ್ಲ. ಗಗನಾ ಫೋಟೋ ತೆಗೆಯಲು ಹಿಂದೆ ಉಳಿದಳು. ಅಕ್ಕು ಬೇಗ ಬೇಗ ನಡೆದು ತರುಣನನ್ನು ಹಿಡಿದಳು. ಚೀಲದಿಂದ ಹೊರಗೆ ಮಗುವಿನ ಎರಡು ಕಾಲು ತೂಗುತ್ತಿದ್ದವು. ಅವನ ಹೆಜ್ಜೆಗೆ ಸರಿಯಾಗಿ ಆಡುತ್ತಿದ್ದವು, ತಾವಾಗಿ ಆಡುತ್ತಿರಲಿಲ್ಲ.

"ತರುಣಪ್ಪಾ, ಈ ಕಾಲು..."

"ಎರಡು ಜೊತೆ ಸಾಕ್ಸ್ ಹಾಕಿದೀನಿ ಆಂಟಿ. ಅಲ್ನೋಡಿ, ಆ ದೊಡ್ಡ ಚರ್ಚು! ಕಟ್ಟೋದಕ್ಕೆ ಇನ್ನೂರೈವತ್ತು ವರ್ಷ ತಗೊಂಡಿದ್ದಾರೆ."

ಅವನ ಸಂತೋಷದ ನಡುವೆ ಮಾತು ತೂರಿಸಲು ಜಾಗವೇ ಇರಲಿಲ್ಲ. ಹೊಳೆಯ ಸೇತುವೆಯ ಮೇಲೆ ಮುದುಕಿಯೊಬ್ಬಳು ನಿಂತು ಮಗುವಿನ ಮುಖ ಬಗ್ಗಿ ನೋಡಿ, ಗುಡ್ ಬೇಬಿ ಅಂದಳು. ಒಂಚೂರೂ ಗಲಾಟೆ ಇಲ್ಲವಲ್ಲ ಅಂದಳಂತೆ. ಗಗನಾ ಅದನ್ನು ಅಕ್ಕುವಿಗೆ ಕನ್ನಡದಲ್ಲಿ ಹೇಳಿದಳು, ಹೆಮ್ಮೆಯಿಂದ. ಅಕ್ಕು ಕೆಳಗಿನ ಕಂದು ನೀರು ನೋಡುತ್ತ ಸೆರಗು ಎಳೆದುಕೊಂಡಳು.

ಹಳೆಯ ಕಸಾಯಿಗಳ ಬೀದಿಗೆ ಹೋದರು. ಮರದ ಮನೆಗಳು ಎರಡೂ ಕಡೆಯಿಂದ ಬಾಗಿ ಮೇಲ್ಗಡೆ ಒಂದಕ್ಕೊಂದು ಮುತ್ತಿಕ್ಕುವಷ್ಟು ಹತ್ತಿರ, ಮಾಂಸ ತೂಗುಹಾಕುವ ಕೊಕ್ಕೆಗಳು ಇನ್ನೂ ಗೋಡೆಯಲ್ಲಿವೆ. ಜನ ಕತ್ತೆತ್ತಿ ಫೋಟೋ ಹೊಡೆಯುತ್ತಿದ್ದರು.

"ಹೇಗಿದೆ ಆಂಟಿ?"

"ನಮ್ಮ ಡೊಂಬಿವಲಿಯಲ್ಲಾದ್ರೆ ಧೋಕಾದಾಯಕ ಇಮಾರತು, ಬೀಳುವ ಕಟ್ಟಡ ಅಂತ ಮುನ್ಸಿಪಾಲ್ಟಿಯವರು ಬೋರ್ಡು ಹೊಡೆದು ಎಲ್ಲರನ್ನೂ ಹೊರಗೆ ಹಾಕ್ತಿದ್ರು. ಇಲ್ಲಿ ಅದಕ್ಕೇ ಜಾತ್ರೆ."

ತರುಣ ಹೊಟ್ಟೆ ಹಿಡಿದು ನಕ್ಕ. ಹೇಳದೇ ಹೋದರೂ ಆಗುತ್ತದಲ್ಲ ಅಂತ ಅವಳಿಗೆ ಆ ಬೀದಿಯಲ್ಲೇ ಅನ್ನಿಸಿದ್ದು. ಮೂರು ದಿನ. ವಿಮಾನ ಹತ್ತಿದರೆ ಮುಗಿಯಿತು. ಯಾರೋ ಡಾಕ್ಟರು, ಯಾವತ್ತೋ ಒಂದು ದಿನ ಹೇಳುತ್ತಾರೆ. ಗಗನಾ ಅವಳನ್ನು ಜೀವಮಾನವಿಡೀ ಮಾವ್ಶಿ ಅನ್ನುತ್ತಾಳೆ, ಸರಳಾ ಹಬ್ಬಕ್ಕೆ ಕರೆಯುತ್ತಾರೆ. ಮಗುವಿನ ಕಾಲು ಮಾತ್ರ ದಿನಕ್ಕಿಷ್ಟು ಸಾಯುತ್ತಿರುತ್ತದೆ.

ದೊಡ್ಡ ಚರ್ಚಿನ ಒಳಗೆ ಹೋದಾಗ ಮಧ್ಯಾಹ್ನ. ಆಕಾಶದಷ್ಟು ಎತ್ತರದ ಬಣ್ಣದ ಗಾಜು, ಕಲ್ಲಿನ ಚಳಿ. ಮೂಲೆಯಲ್ಲಿ ಕುರ್ಚಿ ಹುಡುಕಿ ಗಗನಾ ಮಗುವಿಗೆ ಹಾಲು ಕೊಟ್ಟಳು. ಪುಟ್ಟ ಎರಡು ಗುಟುಕು ಕುಡಿದು ದಣಿದು, ಮತ್ತೆ ಎರಡು ಗುಟುಕು ಕುಡಿದ. ಗಗನಾ ಅವನ ಹಣೆ ಒರೆಸುತ್ತ ತಲೆ ಎತ್ತದೆ ಕೇಳಿದಳು.

"ಮಾವ್ಶಿ, ನಾನೂ ಇವನ ಹಾಗೇ ಸಾಧು ಇದ್ನಾ?"

ಅಕ್ಕು ಹೂಂ ಅನ್ನಬಹುದಿತ್ತು.

"ನೀನಾ?" ಅಂದಳು. "ನೀನು ಒದ್ದರೆ ಬಿಸಿನೀರಿನ ತಂಬಿಗೆ ಉರುಳಿ ಬೀಳ್ತಿತ್ತು. ನಿನ್ನ ಅಪ್ಪ ಹೊರಗಿಂದ ಎಂತ ಆಯ್ತು ಅಂತ ಕೂಗ್ತಿದ್ರು. ಎಲ್ಲ ಮಕ್ಕಳೂ ಹಾಗೇ ಮಗಾ. ಇವ ಸಾಧು ಅಲ್ಲ. ಇವನ ಕಾಲಲ್ಲಿ ಬಲ ಇಲ್ಲ."

ಗಗನಾ ಇನ್ನೂ ಅರ್ಧ ನಗುತ್ತಲೇ ಇದ್ದಳು. "ಅಂದ್ರೆ?"

"ತಳ್ಳುದಿಲ್ಲ. ಕೈಯೂ ಎತ್ತುದಿಲ್ಲ ಈಗೀಗ. ಅಳ್ಲಿಕ್ಕೂ ಉಸಿರು ಸಾಕಾಗುದಿಲ್ಲ. ಇದನ್ನು ನಾನು ಇನ್ನೊಂದು ಮಗುವಲ್ಲಿ ನೋಡಿದ್ದೇನೆ. ಇವತ್ತೇ ಡಾಕ್ಟರಿಗೆ ತೋರಿಸ್ಬೇಕು. ನಾಳೆ ಅಂತ ಹೇಳ್ಬೇಡಿ."

ತರುಣನ ಮುಖ ಕೆಂಪಾಯಿತು. "ಏನು ಮಾತಾಡ್ತಿದೀರಾ ಆಂಟಿ? ಮಿಡ್‌ವೈಫ್ ಮೂರು ಸಲ ಮನೆಗೆ ಬಂದು ನೋಡಿಲ್ವಾ? ಎಲ್ಲ ನಾರ್ಮಲ್ ಅಂತ ಬರೆದು ಹೋಗಿಲ್ವಾ?"

"ಅವರು ಬಂದದ್ದು ಮೊದಲ ಎರಡು ವಾರ. ಆಗ ಇವ ಒದೀತಿದ್ದ."

"ನೀವೇನು ಡಾಕ್ಟ್ರಾ?"

"ತರುಣ್, ಚುಪ್" ಅಂದಳು ಗಗನಾ. ಕುರ್ಚಿಯಿಂದ ಇಳಿದು ಚರ್ಚಿನ ಕಲ್ಲುನೆಲದ ಮೇಲೆ ಕೂತಳು. ಎರಡೂ ಕಾಲು ನೀಡಿದಳು, ನಲವತ್ತು ದಿನ ಅಕ್ಕು ಕೂತದ್ದನ್ನು ನೋಡಿದ್ದಳಲ್ಲ, ಹಾಗೆಯೇ. ಮಗುವನ್ನು ಮೊಣಕಾಲಿನ ಕೆಳಗೆ ಮಲಗಿಸಿ, ಎರಡು ಜೊತೆ ಸಾಕ್ಸನ್ನೂ ಒಂದೊಂದಾಗಿ ಎಳೆದು ತೆಗೆದಳು. ಊರು ನೋಡಲು ಬಂದವರು ದಾಟಿಕೊಂಡು ಹೋಗುತ್ತ ತಿರುಗಿ ನೋಡಿದರು.

"ಹೇಳು ಮಾವ್ಶಿ. ಹೇಗೆ?"

"ಪಾದಕ್ಕೆ ಅಂಗೈ ಕೊಡು. ಒತ್ತಬೇಡ. ಕಾದು ನೋಡು."

ಗಗನಾ ಅಂಗೈ ಕೊಟ್ಟಳು. ಕಾದಳು. ಪುಟ್ಟ ಅವಳ ಮುಖವನ್ನೇ ನೋಡುತ್ತ ನಕ್ಕ. ಪಾದಗಳು ಅವಳ ಕೈಯಲ್ಲಿ ಇಟ್ಟದ್ದು ಇಟ್ಟಹಾಗೆ ಇದ್ದವು. ತರುಣ ಬಗ್ಗಿ ಮಗುವಿನ ತೋಳು ಎತ್ತಿ ಬಿಟ್ಟ. ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಅವನು ಇನ್ನೊಮ್ಮೆ ಎತ್ತಿ ನೋಡಲಿಲ್ಲ.

"ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?" ಗಗನಾ ಕೇಳಿದಳು.

ಈ ಪ್ರಶ್ನೆ ಬರುತ್ತದೆ ಅಂತ ಅಕ್ಕು ಎಣಿಸಿರಲಿಲ್ಲ. ಹೇಳುವುದೇ ಕಷ್ಟ ಅಂದುಕೊಂಡಿದ್ದಳು.

"ಹದಿನಾರು."

"ಹದಿನಾರು ದಿನ." ಗಗನಾಳ ದನಿ ಏರಲಿಲ್ಲ. "ಹದಿನಾರು ದಿನ ನೀನು ಎಣ್ಣೆ ಹಚ್ಚಿ, ಹಾಡು ಹೇಳಿ, ನಂಗೆ ಮೆಂತೆ ಲಡ್ಡು ತಿನ್ನಿಸಿದೆ."

"ನಿನ್ನ ಹಾಲು ಬತ್ತಿದ್ರೆ ಅಂತ ಹೆದರಿದೆ ಮಗಾ. ನಲವತ್ತು ಕಳೀಲಿ ಅಂತ..."

"ಮುಝೆ ಮತ್ ಬೋಲೋ, ಪ್ಲೀಸ್."

ನನಗೇನೂ ಹೇಳಬೇಡ ಅನ್ನಲು ಕನ್ನಡ ಪೂರ್ತಿ ಬಿಟ್ಟು ಹಿಂದಿಗೆ ಹೋದಳು ಅಂದರೆ ಅವಳು ದೂರ ಹೋದಳು ಅಂತಲೇ. ಚಿಕ್ಕಂದಿನಿಂದ ನೋಡಿದ ಅಕ್ಕುವಿಗೆ ಅದು ಹೊಸದಲ್ಲ.

ಆಸ್ಪತ್ರೆ ಉತ್ತರದ ಬಾಗಿಲು ದಾಟಿ ಕಾಲು ಗಂಟೆಯ ದಾರಿ. ಗಾಡಿಗೆ ಕಾಯಲು ಯಾರಿಗೂ ತಾಳ್ಮೆ ಇರಲಿಲ್ಲ, ನಡೆದೇ ಹೋದರು. ಮತ್ತೊಂದು ಹಳೆಯ ಹೆಬ್ಬಾಗಿಲು ಬಂತು. ಅದರ ವಯಸ್ಸು ಎಷ್ಟು ಅಂತ ತರುಣ ಹೇಳಲಿಲ್ಲ. ಇಕ್ಕಟ್ಟಾದ ಬೀದಿ, ಪುಸ್ತಕದಂಗಡಿ, ಬ್ರೆಡ್ಡಿನ ವಾಸನೆ. ಮಗು ಈಗ ತಾಯಿಯ ಎದೆಯಲ್ಲಿತ್ತು. ಒಂದು ಸಾಕ್ಸು ದಾರಿಯಲ್ಲಿ ಬಿತ್ತು, ಹಿಂದೆ ಬರುತ್ತಿದ್ದ ಅಕ್ಕು ಹೆಕ್ಕಿಕೊಂಡಳು. ಕೊಡಲು ಹತ್ತಿರ ಹೋಗುವ ಧೈರ್ಯ ಬರಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡಳು.

ಮಕ್ಕಳ ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಮೊಣಕಾಲಿಗೆ ಬೆರಳಷ್ಟು ರಬ್ಬರಿನ ಸುತ್ತಿಗೆಯಿಂದ ತಟ್ಟಿದಳು. ಕಾಲು ಅಲುಗಲಿಲ್ಲ. ನಾಲಿಗೆ ನೋಡಿದಳು, ಉಸಿರಾಡುವಾಗ ಎದೆ ಒಳಗೆ ಹೋಗುವುದನ್ನು ನೋಡಿದಳು. ಮೊದಲು ಯಾರಿಗೆ ಅನುಮಾನ ಬಂದದ್ದು ಅಂತ ಕೇಳಿದಳು. ಗಗನಾ ಅಕ್ಕುವಿನತ್ತ ಕೈ ತೋರಿಸಿದಳು. ಡಾಕ್ಟರು ಅಕ್ಕುವಿನ ಕಡೆ ತಿರುಗಿ, ಯಾವ ದಿನದಿಂದ, ಮೊದಲು ಕಾಲಾ ಕೈಯಾ, ಅಳು ಯಾವಾಗ ಸಣ್ಣಗಾಯಿತು ಅಂತ ಗಗನಾಳ ಮೂಲಕ ಒಂದೊಂದೇ ಕೇಳಿ ಬರೆದುಕೊಂಡಳು. ಅಷ್ಟು ವರ್ಷದಲ್ಲಿ ಅಕ್ಕುವಿನ ಕೈಗೆ ಗೊತ್ತಾದದ್ದನ್ನು ಒಬ್ಬರು ಕೂತು ಬರೆದುಕೊಂಡದ್ದು ಅದೇ ಮೊದಲು.

ಕೊನೆಗೆ ಡಾಕ್ಟರು ಹೇಳಿದ್ದನ್ನು ಗಗನಾ ಅಕ್ಕುವಿಗಾಗಿ ಕನ್ನಡಕ್ಕೆ ಮಾಡಿದಳು, ಒಂದು ಶಬ್ದವನ್ನೂ ಬಿಡದೆ. "ಹುಟ್ಟಿನಿಂದಲೇ ಬರೋ, ಸ್ನಾಯುವಿನ ನರ ಸಾಯೋ ಕಾಯಿಲೆ ಇರಬಹುದಂತೆ. ರಕ್ತದ ಪರೀಕ್ಷೆ ಮಾಡಿದ ಮೇಲೇ ಖಚಿತ ಅಂತೆ. ಈಗ ಔಷಧಿ ಇದೆಯಂತೆ. ಕೊಟ್ಟ ಮೇಲೆ ಇನ್ನೂ ಹಾಳಾಗೋದು ನಿಲ್ಲಬಹುದು. ಆದ್ರೆ ಈಗಾಗ್ಲೇ ಹೋಗಿರೋ ಬಲ ಪೂರ್ತಿ ವಾಪಸ್ ಬರಲ್ಲ. ಅದಕ್ಕೇ ಒಂದೊಂದು ದಿನಾನೂ ಮುಖ್ಯ ಅಂತೆ." ಅವಳ ಕಡೆ ತಿರುಗಿ, "ಅರ್ಥ ಆಯ್ತಾ ಮಾವ್ಶಿ?" ಅಂದಳು.

"ಆಯ್ತು ಮಗಾ."

ಸರಳಾ ಅವರಿಗೆ ಫೋನು ಹೋಯಿತು. ತರುಣ ಫೋನನ್ನು ಅಕ್ಕುವಿನ ಕೈಗೆ ಕೊಟ್ಟ. "ನಾಲಿಗೆ ಬಿಗಿ ಹಿಡಿಯೋಕೆ ಆಗಲಿಲ್ವೇನೇ ನಿನಗೆ? ನಲವತ್ತು ತುಂಬಿದ ದಿನವೇ ನನ್ನ ಮಗಳಿಗೆ ಇಂಥ ಮಾತು!" ಅಂತ ಸರಳಾ ಅತ್ತರು. ಡಾಕ್ಟರು ಹೇಳಿದ್ದನ್ನು ಪೂರ್ತಿ ಕೇಳಿದ ಮೇಲೆ, "ಮೊದಲೇ ಯಾಕೆ ಬಾಯಿ ಬಿಡಲಿಲ್ಲ ಪಾಪಿ?" ಅಂತ ಅತ್ತರು. ಎರಡಕ್ಕೂ ಅಕ್ಕು, "ತಪ್ಪಾಯ್ತು ಅಮ್ಮ" ಅಂದಳು. ಎರಡೂ ತಪ್ಪೇ ಅಂತ ಅವಳಿಗೂ ಅನ್ನಿಸಿತ್ತು.

ಮಗುವನ್ನು ಒಂದು ದಿನ ಇಟ್ಟುಕೊಂಡು ರಕ್ತ ತೆಗೆದು, ದೊಡ್ಡ ಊರಿನ ಆಸ್ಪತ್ರೆಗೆ ಬರೆದು, ಮನೆಗೆ ಕಳಿಸಿದರು. ಆಮೇಲೆ ಗಗನಾ ಮಗುವನ್ನು ಕೆಳಗೇ ಇಡಲಿಲ್ಲ, ಅಕ್ಕುವಿನ ಕೈಗೂ ಕೊಡಲಿಲ್ಲ. ಮಾಡಿಟ್ಟ ಗಂಜಿ ಕುಡಿದಳು, ಕೇಳಿದ್ದಕ್ಕೆ ಹೂಂ ಊಹೂಂ ಅಂದಳು. ಹಾಲೇನೂ ಬತ್ತಲಿಲ್ಲ. ಹೆದರಿದ್ದು ಆಗಲೇ ಇಲ್ಲ ಅಂತ ತಿಳಿದಾಗ ಅಕ್ಕು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.

ಹೊರಡುವ ದಿನ ಬೆಳಿಗ್ಗೆ ಅವಳು ಪೆಟ್ಟಿಗೆ ಕಟ್ಟಿ ಕೂತಿದ್ದಳು. ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಮಗುವಿನ ಸಣ್ಣ ಅಳು. ಇವಳು ಎದ್ದು ಮುಚ್ಚಿದ ಬಾಗಿಲ ಹೊರಗೆ ನಿಂತಳು. ಒಳಗೆ ಏನೋ ಜಾರಿತು, ಗಗನಾ ಹಾಂ ಹಾಂ ಅಂದಳು.

"ಮಾವ್ಶಿ."

"ಇಲ್ಲೇ ಇದ್ದೇನೆ."

"ಕತ್ತು ನಿಲ್ತಾ ಇಲ್ಲ. ಹೇಗೆ ಹಿಡೀಲಿ?"

ಒಳಗೆ ಬಾ ಅನ್ನಲಿಲ್ಲ. ಅಕ್ಕುವಿನ ಕೈ ಬಾಗಿಲ ಹಿಡಿಯ ತನಕ ಹೋಗಿ ನಿಂತಿತು.

"ಎಡಗೈ ಬೆನ್ನಿನ ಕೆಳಗೆ ಹಾಕು. ತಲೆ ನಿನ್ನ ಮೊಣಕೈ ಮಡಿಕೆಯಲ್ಲಿ ಬರಲಿ. ಹೆದರ್ಬೇಡ, ಬೀಳುದಿಲ್ಲ. ಬಂತಾ?"

"ಬಂತು."

"ಈಗ ಕಾಲ ಕಡೆಯಿಂದ ನೀರು ಹಾಕು, ಎದೆಗೆ ಕೊನೆಗೆ. ಮಾತಾಡ್ತಾ ಇರು ಅವನ ಹತ್ರ."

ಕೆಳಗೆ ತರುಣ ಗಾಡಿ ಬಂತು ಅಂತ ಕೂಗಿದ. ಒಳಗೆ ಗಗನಾ ಪುಟ್ಟನ ಹತ್ತಿರ ಮಾತಾಡುತ್ತಿದ್ದಳು, ಏನೇನೋ, ಅರ್ಧ ಹಿಂದಿ, ಅರ್ಧ ಕನ್ನಡ. ನಲ್ಲಿ ನಿಲ್ಲುವ ತನಕ ಅಕ್ಕು ಬಾಗಿಲು ಬಿಟ್ಟು ಕದಲಲಿಲ್ಲ.